ಕುಣಿಗಲ್ ಹತ್ರ ಕುದುರೆ ಸವಾರಿ ಕ್ಲಾಸು, ಸವಾರಿಗಿಂತ ಲಾಯದ ಪಾಠನೇ ಜಾಸ್ತಿ

ಮಗಳ ಹಠಕ್ಕೆ ತುಮಕೂರಿಂದ ನಾಲ್ಕು ಭಾನುವಾರ ಹೋಗಿ ಬಂದ್ವಿ. ಕ್ಲಾಸಿಗೆ 800 ರೂಪಾಯಿ, ತೆಂಗಿನ ತೋಟದೊಳಗೆ ಮೂರು ಕುದುರೆ, ಬೋರ್ಡು ಗೀರ್ಡು ಏನೂ ಇಲ್ಲ.

ಕಲಿಸೋ ಯಜಮಾನ್ರು ಬೆಂಗಳೂರು ರೇಸ್‌ಕೋರ್ಸಲ್ಲಿ ಟ್ರೇನರ್ ಆಗಿದ್ದವರು. ಹುಡುಗ್ರಾಗಿದ್ದಾಗ ಕುಣಿಗಲ್ ಸ್ಟಡ್ ಫಾರಂನಲ್ಲಿ ಹುಲ್ಲು ಹಾಕ್ತಿದ್ರಂತೆ (ಟಿಪ್ಪು ಕಾಲದಲ್ಲಿ ದಂಡಿನ ಕುದುರೆ ಸಾಕ್ತಿದ್ದ ಜಾಗ, ನಾವೆಲ್ಲ ಬಸ್ ಕಿಟಕೀಲಿ ಕಾಂಪೌಂಡ್ ನೋಡಿದ್ದಷ್ಟೇ), ಆಮೇಲೆ ಸೈಸ್ (ಕುದುರೆ ನೋಡ್ಕೊಳ್ಳೋ ಆಳು), ರೈಡಿಂಗ್ ಬಾಯ್ (ಬೆಳಿಗ್ಗೆ ಕುದುರೆಗೆ ಓಟದ ಅಭ್ಯಾಸ ಮಾಡಿಸೋ ಸವಾರ), ಟ್ರೇನರ್ ಹತ್ರ ಅಸಿಸ್ಟೆಂಟು, ತಲೆ ನರೆತ ಮೇಲೆ ಸ್ವಂತ ಟ್ರೇನರ್ ಲೈಸೆನ್ಸು.

ಮೊದಲ ದಿನ ಸವಾರಿನೇ ಇಲ್ಲ ಕಣ್ರೀ! ದುಡ್ಡು ತಗೊಂಡು ಅರ್ಧ ಗಂಟೆ ಕುದುರೆ ಕಾಲು ಮುಟ್ಟಿಸಿದ್ರು. ಮುಂಗಾಲಲ್ಲಿ ಮಂಡಿ ಕೆಳಗೆ ಹಿಂದುಗಡೆ ಹಗ್ಗದ ಥರ ಗಟ್ಟಿ ನರ (ಟೆಂಡನ್) ಇರುತ್ತಲ್ಲ, ಅದು ಒಂಚೂರು ಬಿಸಿ ಅನ್ಸಿದ್ರೂ ಅವತ್ತು ಓಡಿಸೋ ಹಾಗಿಲ್ಲ, ಮಾಲೀಕ ಎಷ್ಟೇ ಕೂಗಾಡ್ಲಿ, ಟ್ರೇನರ್ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದೊಂದು ಕುದುರೆ ಕಾಲೂ ಸವರಿ ನೋಡೋದು ಇದಕ್ಕೇ ಅಂದ್ರು. ಆಮೇಲೆ ಮೇವಿನ ತೊಟ್ಟಿ ತೋರಿಸಿ, ರಾತ್ರಿ ಹಾಕಿದ ಓಟ್ಸ್ ಮಿಕ್ಕಿದ್ರೆ ಕುದುರೆಗೆ ಹುಷಾರಿಲ್ಲ ಅಂತ, ಅವತ್ತು ಗ್ಯಾಲಪ್ (ಜೋರು ಓಟ) ಕ್ಯಾನ್ಸಲ್ ಅಂದ್ರು. ಕುದುರೆಗೆ ವಾಂತಿ ಆಗಲ್ವಂತೆ, ಅದಕ್ಕೇ ಹೊಟ್ಟೆನೋವು ಬಂದ್ರೆ ಜೀವಕ್ಕೇ ಕುತ್ತು. ನಾನೂ ಬಾಯಿ ಬಿಟ್ಕೊಂಡು ಕೇಳಿದೆ.

ಮೂರನೇ ವಾರ ತಮ್ಮ ಹಳೇ ಸ್ಟಾಪ್‌ವಾಚ್ ಮಗಳ ಕೈಗೆ ಕೊಟ್ಟು, ಒಂದು ಫರ್ಲಾಂಗು ಅಂದ್ರೆ ಸುಮಾರು 200 ಮೀಟರ್, ಗೊರಸಿನ ಸದ್ದು ಕೇಳ್ಕೊಂಡೇ ಟೈಮ್ ಹೇಳು ಅಂತ ಪರೀಕ್ಷೆ ಬೇರೆ ಮಾಡಿದ್ರು, ಅವಳು ಪ್ರತಿ ಸಲ ತಪ್ಪು, ಅವರು ಕಣ್ಮುಚ್ಕೊಂಡು ಸರಿ.

ಈಗ ಬೇಜಾರಿನ ವಿಷ್ಯ. ಏಳು ಗಂಟೆಗೆ ಬನ್ನಿ ಅಂತಾರೆ, ಕುದುರೆ ತಿಂದು ಒಂದು ಗಂಟೆ ಆಗ್ದೆ ಜೀನು ಹಾಕಲ್ಲ, ಹಾಗಾಗಿ ಎಂಟೂಕಾಲು. ಅದು ಸರಿನೇ, ಆದ್ರೆ ಎಂಟಕ್ಕೇ ಬನ್ನಿ ಅನ್ಬೋದಲ್ವಾ? ಮಕ್ಕಳ ಸೈಜಿನ ಹೆಲ್ಮೆಟ್ ಒಂದೇ ಒಂದು, ಅದೂ ಕಿವಿವರೆಗೆ ಜಾರುತ್ತೆ. ಎರಡು ಕುದುರೆ ರೇಸ್ ಬಿಟ್ಟ ಥರೋಬ್ರೆಡ್ಡು (ರೇಸಿಗೆ ಅಂತಲೇ ಬೆಳೆಸೋ ತಳಿ), ನವಿಲು ಕೂಗಿದ್ರೂ ಬೆಚ್ತವೆ, ಭಯ ಇರೋ ಮಕ್ಕಳಿಗೆ ಆ ಗಿಡ್ಡ ಕಂದು ಕುದುರೇನೇ ಕೇಳಿ ತಗೊಳ್ಳಿ. ಟಾಯ್ಲೆಟ್ ಬಗ್ಗೆ ಕೇಳ್ಬೇಡಿ.

ಐದಕ್ಕೆ ನಾಲ್ಕು. ಮುಂದಿನ ತಿಂಗಳಿಗೂ ದುಡ್ಡು ಕಟ್ಟಿದ್ದೀವಿ, ಹೆಲ್ಮೆಟ್ ಮಾತ್ರ ನಮ್ದೇ.