ಪೈ ಹಿಟ್ಟಿಗೆ ಬೆಣ್ಣೆಯೋ, ಡಾಲ್ಡಾವೋ, ತುಪ್ಪವೋ?

ಕೊಪ್ಪಳದ ಕೇಸರ್ ಮಾವು ತಂದಿದ್ದೀನಿ, ಪೈ ಹಿಟ್ಟಿಗೆ ಏನು ಹಾಕಲಿ ಅಕ್ಕಾ ಅಂತ ರಾಯಚೂರಿನ ತಂಗಿ ಕೇಳಿದ್ದಾಳೆ. ಪೈ ಅಂದರೆ ಹಿಟ್ಟಿನ ಹಾಳೆಯಲ್ಲಿ ಹಣ್ಣು ತುಂಬಿ ಓವನ್ನಿನಲ್ಲಿ ಬೇಯಿಸುವ ತಿನಿಸು. ಅಳತೆ ಯಾವುದಕ್ಕೂ ಒಂದೇ: 250 ಗ್ರಾಂ ಮೈದಾಕ್ಕೆ 125 ಗ್ರಾಂ.

ರುಚಿಗಾದರೆ ಬೆಣ್ಣೆ. ಅಂಗಡಿ ಬೆಣ್ಣೆಯಲ್ಲಿ ಸುಮಾರು ಶೇ 16ರಷ್ಟು ನೀರಿರುತ್ತದೆ. ಓವನ್ನಿನಲ್ಲಿ ಅದು ಆವಿಯಾಗಿ ಪದರ ಬಿಡಿಸುತ್ತದೆ. ತೊಂದರೆ ನಮ್ಮ ಬಿಸಿಲಿನದು. ಬೆಣ್ಣೆ 32-35 ಡಿಗ್ರಿಗೇ ಕರಗುತ್ತದೆ, ಏಪ್ರಿಲ್‌ನಲ್ಲಿ ಇಲ್ಲಿ 40 ದಾಟುತ್ತದೆ. ಒಮ್ಮೆ ಮಧ್ಯಾಹ್ನ ಕಲಸಲು ಹೋಗಿ ನನ್ನ ಹಿಟ್ಟು ಹೋಳಿಗೆ ಕಣಕವಾಗಿತ್ತು! ನಸುಕಿನಲ್ಲಿ ಕಲಸಿ, ಒಂದು ತಾಸು ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆಯೇ ಸರಿ.

ಡಾಲ್ಡಾ ಅಗ್ಗ, ಬೇಗ ಕರಗುವುದಿಲ್ಲ, ಲಟ್ಟಿಸಲು ಸಲೀಸು. ಕೈ ಪಳಗದವರಿಗೆ, ಕರೆಂಟ್ ಕೈಕೊಡುವ ಊರಿಗೆ ಅದೇ ವಾಸಿ. ಆದರೆ ಬಾಯಿಯ ಅಂಗುಳಕ್ಕೆ ಅಂಟುತ್ತದೆ, ನನಗಂತೂ ಸೇರದು. ಅರ್ಧ ಬೆಣ್ಣೆ, ಅರ್ಧ ಡಾಲ್ಡಾ ಹಾಕುವವರೂ ಇದ್ದಾರೆ.

ತುಪ್ಪದಲ್ಲಿ ನೀರಿನಂಶವೇ ಇಲ್ಲದಷ್ಟು ಕಡಿಮೆ. ಪದರ ಬರುವುದಿಲ್ಲ, ನಾನ್‌ಖಟಾಯಿಯಂತೆ ಪುಡಿಪುಡಿಯಾಗುತ್ತದೆ. ಮೇಲೆ ಮುಚ್ಚಳವಿಲ್ಲದ, ಅಡಿಹಾಳೆ ಮಾತ್ರದ ಪೈಗೆ ಹೊಂದುತ್ತದೆ. ಮನೆಯಲ್ಲಿ ಎಮ್ಮೆ ಇದ್ದವರಿಗೆ ಖರ್ಚಿನ ಮಾತೇ ಇಲ್ಲ.