ಥೈರಾಯ್ಡ್ ಇದ್ದವರಿಗೆ ಬಿ12 ಕೊರತೆ: ಊಟ, ಇಂಜೆಕ್ಷನ್, ಮಾತ್ರೆ ಮೂರನ್ನೂ ಮಾಡಿ ನೋಡಿದ ಮೇಲೆ

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಬಸ್ ಹತ್ತುವಾಗ ನನ್ನ ಎಡಗಾಲಿನ ಚಪ್ಪಲಿ ಜಾರಿ ಕೆಳಗೆ ಬಿತ್ತು. ನನಗೆ ಅದು ತಿಳಿಯಲಿಲ್ಲ. ಹಿಂದಿದ್ದ ಹುಡುಗಿ "ಅಕ್ಕಾ, ನಿಮ್ಮ ಚಪ್ಪಲಿ" ಎಂದು ಕೂಗಿದಾಗ ತಿರುಗಿ ನೋಡಿದೆ. ಬರಿಗಾಲು ಬಸ್ಸಿನ ಕಬ್ಬಿಣದ ಮೆಟ್ಟಿಲ ಮೇಲಿದ್ದರೂ ಅದರ ತಣ್ಪು ಕಾಲಿಗೆ ತಾಕುತ್ತಿರಲಿಲ್ಲ. ಅದಕ್ಕೂ ಐದಾರು ತಿಂಗಳ ಮುಂಚಿನಿಂದ ಪಾದಗಳಲ್ಲಿ ಜೋಮು, ರಾತ್ರಿ ಅಂಗಾಲು ಉರಿ, ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಮರೆತುಹೋಗುವುದು ಎಲ್ಲವೂ ಇದ್ದವು. ನಾನು ಎಲ್ಲವನ್ನೂ ಥೈರಾಯ್ಡ್‌ನ ತಲೆಗೆ ಕಟ್ಟಿ ಸುಮ್ಮನಿದ್ದೆ.

ನನಗಿರುವುದು ಹಶಿಮೊಟೊ ಥೈರಾಯ್ಡ್ ಉರಿಯೂತ. ಒಂಬತ್ತು ವರ್ಷಗಳಿಂದ ಥೈರಾಯ್ಡ್ ಹಾರ್ಮೋನಿನ ಬದಲಿಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದೇನೆ, ಈಗ 75 ಮೈಕ್ರೋಗ್ರಾಂ. ಚಪ್ಪಲಿ ಬಿದ್ದ ವಾರ ಮಾಡಿಸಿದ ಪರೀಕ್ಷೆಯಲ್ಲಿ ಟಿಎಸ್‌ಎಚ್ 2.8 ಇತ್ತು, ಅಂದರೆ ಥೈರಾಯ್ಡ್ ಹತೋಟಿಯಲ್ಲಿತ್ತು (ಇದು ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಥೈರಾಯ್ಡ್ ಕುಗ್ಗಿದರೆ ಇದು ಏರುತ್ತದೆ). ಬಿ12 ಜೀವಸತ್ವ ಮಾತ್ರ ಮಿಲಿಲೀಟರಿಗೆ 148 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ದಣಿವು, ಕೂದಲು ಉದುರುವುದು, ಮರೆವು, ಜೋಮು, ಕೆಂಪು ರಕ್ತಕಣಗಳು ಗಾತ್ರದಲ್ಲಿ ಹಿಗ್ಗುವುದು ಥೈರಾಯ್ಡ್ ಕುಗ್ಗಿದಾಗಲೂ ಕಾಣುತ್ತವೆ, ಬಿ12 ಕುಗ್ಗಿದಾಗಲೂ ಕಾಣುತ್ತವೆ. ಹಾಗಾಗಿ ಟಿಎಸ್‌ಎಚ್ ಸರಿಯಿದ್ದೂ ಈ ತೊಂದರೆಗಳು ಹೋಗದಿದ್ದರೆ ಬಿ12 ನೋಡಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಹಿಡಿದದ್ದು ಊಟದ ದಾರಿ. ಔಷಧಿ ಆಮೇಲೆ ನೋಡೋಣ, ಮೊದಲು ತಟ್ಟೆಯಲ್ಲೇ ಸರಿಪಡಿಸೋಣ ಎಂಬ ಹಟ ನನ್ನದು. ನಮ್ಮದು ಸಸ್ಯಾಹಾರಿ ಮನೆ. ಬಿ12 ಇರುವುದು ಪ್ರಾಣಿಮೂಲದ ಆಹಾರದಲ್ಲಿ. ನಮ್ಮಂಥವರಿಗೆ ಉಳಿಯುವುದು ಹಾಲು, ಮೊಸರು, ಪನೀರ್. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ಅರ್ಧ ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟು ಇದೆ. ಲೆಕ್ಕ ಸರಿಯಾಗಿಯೇ ಕಂಡಿತು. ಮೂರು ತಿಂಗಳು ಬೆಳಿಗ್ಗೆ ಒಂದು ದೊಡ್ಡ ಲೋಟ ಹಾಲು, ಮಧ್ಯಾಹ್ನ ಗಟ್ಟಿ ಮೊಸರು, ರಾತ್ರಿ ಮತ್ತೆ ಹಾಲು ಕುಡಿದೆ. ಇಡ್ಲಿ ಹಿಟ್ಟು ಹುಳಿ ಬಂದಷ್ಟೂ ಬಿ12 ಹೆಚ್ಚುತ್ತದೆ ಎಂದು ನೆರೆಯವರು ಹೇಳಿದ್ದನ್ನೂ ನಂಬಿದ್ದೆ. ಹುದುಗಿಸಿದ ಆಹಾರ ಹೊಟ್ಟೆಗೆ ಹಿತ, ಆದರೆ ಕೊರತೆ ತುಂಬುವಷ್ಟು ಬಿ12 ಅದರಿಂದ ಸಿಗುತ್ತದೆ ಎಂದು ನೆಚ್ಚುವಂತಿಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿರುವ ಬಿ12 ಬಹುಪಾಲು ನಮ್ಮ ದೇಹ ಬಳಸಲಾಗದ ರೂಪ.

ಮೂರು ತಿಂಗಳ ನಂತರ ಬಿ12 163ಕ್ಕೆ ಬಂದು ನಿಂತಿತ್ತು. ಜೋಮು ಇದ್ದಲ್ಲೇ ಇತ್ತು. ನನಗೆ ಹೆಚ್ಚು ನೋವಾದದ್ದು ಟಿಎಸ್‌ಎಚ್ 5.9ಕ್ಕೆ ಏರಿದ್ದನ್ನು ನೋಡಿ. ಆರು ಗಂಟೆಗೆ ಥೈರಾಯ್ಡ್ ಮಾತ್ರೆ, ಆರೂಕಾಲಿಗೆ ಹಾಲು: ಇದೇ ನಾನು ಮಾಡಿದ ತಪ್ಪು. ಹಾಲಿನ ಕ್ಯಾಲ್ಸಿಯಂ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಒಂದು ಕೊರತೆ ತುಂಬಲು ಹೋಗಿ ಇನ್ನೊಂದನ್ನು ಕೆದಕಿದಂತಾಯಿತು. ಹಾಲಿನ ಲೋಟವನ್ನು ಬೆಳಗಿನಿಂದ ತೆಗೆದು ಸಂಜೆಗೆ ಇಟ್ಟ ಮೇಲೆ ಎರಡು ತಿಂಗಳಲ್ಲಿ ಟಿಎಸ್‌ಎಚ್ ಮತ್ತೆ ಕೆಳಗಿಳಿಯಿತು.

ಊಟ ಏಕೆ ಸೋತಿತು ಎಂಬುದು ವೈದ್ಯರು ಮಾಡಿಸಿದ ಇನ್ನೊಂದು ರಕ್ತಪರೀಕ್ಷೆಯಲ್ಲಿ ತಿಳಿಯಿತು. ಹಶಿಮೊಟೊದಲ್ಲಿ ದೇಹದ ರೋಗನಿರೋಧಕ ಪಡೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತದೆ. ಕೆಲವರಲ್ಲಿ ಅದೇ ಪಡೆ ಜಠರದ ಒಳಪದರದ ಜೀವಕೋಶಗಳನ್ನೂ ಬಿಡುವುದಿಲ್ಲ. ಆ ಕೋಶಗಳು ಎರಡು ಕೆಲಸ ಮಾಡುತ್ತವೆ: ಆಮ್ಲ ಸುರಿಸುವುದು, ಮತ್ತು ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ತಯಾರಿಸುವುದು. ಬಿ12 ಈ ಪ್ರೋಟೀನಿನ ಕೈ ಹಿಡಿದುಕೊಂಡೇ ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಹೋಗಿ ಒಳಸೇರಬೇಕು. ನನ್ನ ರಕ್ತದಲ್ಲಿ ಆ ಜಠರಕೋಶಗಳ ವಿರುದ್ಧದ ಪ್ರತಿಕಾಯಗಳಿದ್ದವು. ಎಷ್ಟು ಹಾಲು ಕುಡಿದರೂ ಕರೆದೊಯ್ಯುವ ಕೈಗಳೇ ಕಡಿಮೆ. ಥೈರಾಯ್ಡ್ ಇದ್ದವರೆಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಜಠರ ಸರಿಯಿದ್ದು ಊಟದಲ್ಲೇ ಕೊರತೆ ಇದ್ದವರಿಗೆ, ಅದರಲ್ಲೂ ಮೀನು, ಮೊಟ್ಟೆ, ಮಾಂಸ ತಿನ್ನುವವರಿಗೆ ಊಟದ ದಾರಿ ನನಗಿಂತ ಚೆನ್ನಾಗಿ ಒಲಿಯಬಹುದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿರುವವರು ಮಾತ್ರ ಅವೂ ಬಿ12 ಇಳಿಸುತ್ತವೆ ಎಂಬುದನ್ನು ನೆನಪಿಡಬೇಕು.

ಎರಡನೆಯದು ಇಂಜೆಕ್ಷನ್. ಬೆಳಕು ಬಿದ್ದರೆ ಕೆಡುವ ಔಷಧಿಯಾದ್ದರಿಂದ ಕಂದು ಗಾಜಿನ ಸಣ್ಣ ಶೀಶೆಯಲ್ಲಿ ಬರುತ್ತದೆ. ಒಳಗೆ ದಾಳಿಂಬೆ ರಸದಂಥ ಕೆಂಪು ದ್ರವ. ನನಗೆ ವೈದ್ಯರು ಬರೆದದ್ದು ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದರಂತೆ ನಾಲ್ಕು. ಜಠರ, ಕರುಳು ಯಾವುದರ ಹಂಗೂ ಇಲ್ಲದೆ ಔಷಧಿ ನೇರವಾಗಿ ಸ್ನಾಯುವಿಗೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಥೈರಾಯ್ಡ್ ಮಾತ್ರೆಯ ಹೊತ್ತಿಗೂ ಇದಕ್ಕೂ ಜಗಳವೇ ಇಲ್ಲ. ಮೂರನೆಯ ವಾರ ಒಂದು ಬೆಳಿಗ್ಗೆ ಬಚ್ಚಲುಮನೆಯ ಕಲ್ಲು ತಣ್ಣಗಿದೆ ಎಂದು ಕಾಲಿಗೆ ತಿಳಿಯಿತು. ಅಂದು ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಕಷ್ಟವೂ ಇದೆ. ಚುಚ್ಚಿದ ಜಾಗ ಎರಡು ದಿನ ನೋಯುತ್ತಿತ್ತು. ಪ್ರತಿ ಸಲವೂ ಕ್ಲಿನಿಕ್‌ನಲ್ಲಿ ಸರದಿ, ಅರ್ಧ ದಿನದ ರಜೆ. ಔಷಧಿಯ ಬೆಲೆಗಿಂತ ಆ ರಜೆಯ ಬೆಲೆಯೇ ಹೆಚ್ಚಾಯಿತು. ಒಂದು ಮಾತು ಎಚ್ಚರಿಕೆಗೆ: ಕೊನೆಯ ಇಂಜೆಕ್ಷನ್ ಆದ ವಾರವೇ ಪರೀಕ್ಷೆ ಮಾಡಿಸಿ, 1,500 ದಾಟಿದ ಸಂಖ್ಯೆ ಕಂಡು ಸಂತೋಷಪಟ್ಟಿದ್ದೆ. ಅದು ಚುಚ್ಚಿದ ಔಷಧಿಯ ಲೆಕ್ಕವೇ ಹೊರತು ನರಗಳು ಗುಣವಾದ ಲೆಕ್ಕವಲ್ಲ.

ಮೂರನೆಯದು ದಿನಕ್ಕೊಂದು 1,500 ಮೈಕ್ರೋಗ್ರಾಂ ಮಿಥೈಲ್‌ಕೋಬಾಲಮಿನ್ ಮಾತ್ರೆ. ಜಠರವೇ ಕೈಕೊಟ್ಟ ಮೇಲೆ ಮಾತ್ರೆ ನುಂಗಿ ಏನು ಪ್ರಯೋಜನ ಎಂಬುದು ನನ್ನ ಮೊದಲ ಅನುಮಾನ. ಉತ್ತರ ಇಷ್ಟೆ: ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ನುಂಗಿದ ಬಿ12ರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಕರುಳಿನಿಂದ ತಾನಾಗಿಯೇ ಒಳಗೆ ಜಿನುಗುತ್ತದೆ. ಹಾಲಿನಲ್ಲಿರುವ ಎರಡು ಮೈಕ್ರೋಗ್ರಾಂನಲ್ಲಿ ನೂರಕ್ಕೆ ಒಂದು ಎಂದರೆ ಏನೂ ಅಲ್ಲ; 1,500ರಲ್ಲಿ ಅದು 15 ಆಗುತ್ತದೆ, ದಿನದ ಅಗತ್ಯದ ಹಲವು ಪಟ್ಟು. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆ ಬಿ12 ಕುಗ್ಗಿ ಬರುವ ರಕ್ತಹೀನತೆ, ಅಂದರೆ ಪರ್ನಿಶಿಯಸ್ ಅನೀಮಿಯಾ, ಜನರ ಪ್ರಾಣ ತೆಗೆಯುತ್ತಿದ್ದ ಕಾಲದಲ್ಲಿ, 1926ರಲ್ಲಿ, ಬಾಸ್ಟನ್ನಿನ ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ ರೋಗಿಗಳಿಗೆ ದಿನವೂ ರಾಶಿ ರಾಶಿ ಯಕೃತ್ತು ತಿನ್ನಿಸಿ ಬದುಕಿಸಿದ್ದೂ ಈ ಬಗೆಯಲ್ಲೇ. ಬಿ12 ಎಂಬ ವಸ್ತು ಕೈಗೆ ಸಿಕ್ಕದ್ದು 1948ರಲ್ಲಿ. ಅಷ್ಟು ಯಕೃತ್ತಿನ ಕೆಲಸವನ್ನು ಇಂದು ಒಂದು ಸಣ್ಣ ಮಾತ್ರೆ ಮಾಡುತ್ತದೆ ಎಂದು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಉಕ್ಕುತ್ತದೆ.

ನುಂಗುವ ಮಾತ್ರೆ ಎರಡು ತಿಂಗಳು, ನಾಲಿಗೆಯಡಿ ಇಟ್ಟು ಕರಗಿಸುವ ಮಾತ್ರೆ ಎರಡು ತಿಂಗಳು ತೆಗೆದುಕೊಂಡೆ. ಬಿ12 ಮೊದಲನೆಯದರಲ್ಲಿ 486, ಎರಡನೆಯದರಲ್ಲಿ 512. ಇದನ್ನು ವ್ಯತ್ಯಾಸ ಎನ್ನಲಾಗದು. ನುಂಗುವುದು ಅಗ್ಗ, ಅದನ್ನೇ ಉಳಿಸಿಕೊಂಡೆ. ಕೊಳ್ಳುವಾಗ ಪಟ್ಟಿಯ ಹಿಂಬದಿ ಓದಲೇಬೇಕು. ಒಮ್ಮೆ ಅಂಗಡಿಯಲ್ಲಿ ಪ್ರೆಗಾಬಾಲಿನ್ ಬೆರೆತ ಮಾತ್ರೆ ಕೊಟ್ಟಿದ್ದರು. ಅದು ನರದ ನೋವಿನ ಬೇರೆಯೇ ಔಷಧಿ, ದಿನವಿಡೀ ತೂಕಡಿಕೆ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಬೆರೆತದ್ದಾದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಬಿ12 ನೋಡಿಸದೆ ಬರೀ ಫೋಲಿಕ್ ಆಮ್ಲ ತೆಗೆದುಕೊಳ್ಳುವುದಂತೂ ಬೇಡ: ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳು ಸವೆಯುತ್ತಲೇ ಇರುತ್ತವೆ.

ಬಯೋಟಿನ್ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅದೂ ಬಿ ಗುಂಪಿನ ಜೀವಸತ್ವ. ಕೂದಲಿಗೆಂದು 10 ಮಿಲಿಗ್ರಾಂ ಬಯೋಟಿನ್ ಇದ್ದ ಮಾತ್ರೆಯನ್ನು ನಾನಾಗಿ ಶುರು ಮಾಡಿದ್ದೆ. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.1, ಥೈರಾಯ್ಡ್ ಹಾರ್ಮೋನ್ ಟಿ4 ಮೇಲಕ್ಕೆ. ವರದಿ ನೋಡಿದರೆ ಥೈರಾಯ್ಡ್ ಮಾತ್ರೆ ಹೆಚ್ಚಾಗಿದೆ ಎನ್ನಬೇಕು. ಡೋಸ್ ಇಳಿಸಲು ಪೆನ್ನು ಹಿಡಿದಿದ್ದ ವೈದ್ಯರು ನಿಲ್ಲಿಸಿ, "ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಅಮ್ಮ?" ಎಂದು ಕೇಳಿದರು. ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಸಂಖ್ಯೆಗಳೇ ಸುಳ್ಳಾಗುತ್ತವೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ನಾನು ಅದನ್ನು ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಟಿಎಸ್‌ಎಚ್ 2.6. ಆ ಒಂದು ಪ್ರಶ್ನೆ ಬಾರದೇ ಹೋಗಿದ್ದರೆ ಸರಿಯಿದ್ದ ಡೋಸ್ ಸುಮ್ಮನೆ ಕಡಿಮೆಯಾಗುತ್ತಿತ್ತು. ಬಿ ಕಾಂಪ್ಲೆಕ್ಸ್ ಮಾತ್ರೆಗಳಲ್ಲೂ ಬಯೋಟಿನ್ ಇರುತ್ತದೆ, ಪ್ರಮಾಣ ಬೇರೆ ಬೇರೆ. ಕೊರತೆ ಇರುವುದು ಬಿ12ದಾದರೆ ಬಿ12 ಒಂದನ್ನೇ ತೆಗೆದುಕೊಳ್ಳುವುದು ಲೇಸು ಎಂದು ನಾನು ಅಂದಿನಿಂದ ನಿರ್ಧರಿಸಿದ್ದೇನೆ.

ಮೂರರಲ್ಲಿ ಯಾವುದು ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟ. ನರಕ್ಕೆ ತಟ್ಟಿದ್ದರೆ, ಅಂದರೆ ಜೋಮು, ತೂರಾಡುವಿಕೆ, ತೀವ್ರ ಮರೆವು ಇದ್ದರೆ ವೈದ್ಯರು ಹೇಳಿದಷ್ಟು ಇಂಜೆಕ್ಷನ್‌ಗಳನ್ನು ಮೊದಲು ಮುಗಿಸಿಕೊಳ್ಳಬೇಕು. ನಾನು ಊಟದ ಹಟದಲ್ಲಿ ಕಳೆದ ಮೂರು ತಿಂಗಳನ್ನು ಇನ್ನಾರೂ ಕಳೆಯಬಾರದು. ಏರಿದ್ದನ್ನು ಕಾಪಾಡಿಕೊಳ್ಳಲು ಹೆಚ್ಚು ಪ್ರಮಾಣದ ಮಾತ್ರೆ. ನನ್ನಂತೆ ಜಠರದ ತೊಂದರೆ ಇದ್ದವರಿಗೆ ಅದು ಜೀವನಪೂರ್ತಿ. ಹಾಲು ಮೊಸರು ಊಟವಾಗಿಯೇ ಇರಲಿ, ಅದನ್ನು ಚಿಕಿತ್ಸೆ ಎಂದು ಎಣಿಸಬೇಡಿ.

ಈಗ ಬೆಳಿಗ್ಗೆ ಐದೂವರೆಗೆ ನೀರಿನೊಂದಿಗೆ ಥೈರಾಯ್ಡ್ ಮಾತ್ರೆ, ಆರೂವರೆಯ ನಂತರ ಕಾಫಿ, ಮಧ್ಯಾಹ್ನದ ಊಟವಾದ ಮೇಲೆ ಬಿ12, ಸಂಜೆ ಹಾಲು. ಹೀಗೆ ಒಂದೂವರೆ ವರ್ಷ ನಡೆದಿದೆ. ಅಂಗಾಲಿನ ಉರಿ ಹೋಗಿದೆ. ಬಲಗಾಲಿನ ಹೆಬ್ಬೆರಳ ತುದಿಯಲ್ಲಿ ಜೋಮು ಉಳಿದಿದೆ. ಬಹಳ ಕಾಲ ಕೊರತೆಯಲ್ಲಿದ್ದ ನರ ಪೂರ್ತಿ ಮರಳದಿರಬಹುದು ಎಂದಿದ್ದಾರೆ ವೈದ್ಯರು. ನನ್ನ ತಂಗಿಗೂ ಥೈರಾಯ್ಡ್ ಇದೆ. ಈಚೆಗೆ ಅವಳೂ ರಾತ್ರಿ ಕಾಲು ಉರಿಯುತ್ತದೆ ಎನ್ನುತ್ತಿದ್ದಳು. ಮೊನ್ನೆ ಅವಳ ರಕ್ತಪರೀಕ್ಷೆಯ ಚೀಟಿಯಲ್ಲಿ ಟಿಎಸ್‌ಎಚ್ ಪಕ್ಕದಲ್ಲಿ ಬಿ12 ಎಂದೂ ಬರೆಸಿಕೊಂಡು ಬಂದೆವು. ವರದಿ ನಾಳೆ ಬರುತ್ತದೆ.