ಫೇಸ್‌ಬುಕ್‌ನ ಮುಖ ಗುರುತಿಸುವ ಟ್ಯಾಗ್: ಹತ್ತು ವರ್ಷ ಬಳಸಿದವಳ ಅನಿಸಿಕೆ

2011ರ ಡಿಸೆಂಬರ್‌ನಲ್ಲಿ ತೀರ್ಥಹಳ್ಳಿಯಲ್ಲಿ ಅಕ್ಕನ ಮನೆ ಗೃಹಪ್ರವೇಶ ಆಯಿತು. ನಾನು 140 ಫೋಟೋ ತೆಗೆದಿದ್ದೆ. ಆ ವಾರವೇ ಅವನ್ನು ಫೇಸ್‌ಬುಕ್‌ಗೆ ಹಾಕಲು ಕೂತೆ. ಒಂದೇ ಮುಖದ ಫೋಟೋಗಳು ಗುಂಪುಗುಂಪಾಗಿ ಬಂದು ನಿಂತವು. ಪಕ್ಕದಲ್ಲೇ ಹೆಸರು. ಅತ್ತಿಗೆಯದು ಸರಿಯಾಗಿತ್ತು, ಭಾವನದು ಸರಿಯಾಗಿತ್ತು. ಪೇಟ ಸುತ್ತಿಕೊಂಡಿದ್ದ ದೊಡ್ಡಪ್ಪನ ಮಗನ ಹೆಸರೂ ಸರಿಯಾಗಿ ಬಂತು. ನಾನು ಒತ್ತುತ್ತಾ ಹೋದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ತುಂಬಾ ಖುಷಿಯಾಗಿತ್ತು.

ಅಲ್ಲಿಂದ ಹತ್ತು ವರ್ಷ ಈ ಸೌಲಭ್ಯವನ್ನು ಬಳಸಿದ್ದೇನೆ. ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಖಾಸಗಿತನಕ್ಕೆ ಒಂದೇ ಅಂಕ. ಯಾಕೆಂದರೆ ಆವತ್ತು ಪರದೆ ಮೇಲೆ ಬಂದ ಪ್ರಶ್ನೆ ನನಗೆ ಬಂದಿತ್ತು. 'ಇವರು ಅವರೇನಾ?' ಅಂತ ಕೇಳಿದ್ದು ನನ್ನನ್ನು. ಮುಖ ಅತ್ತಿಗೆಯದು, ಒಪ್ಪಿಗೆ ನನ್ನದು. ಇದು ಸರಿಯಲ್ಲ ಎಂದು ನನಗೆ ಹೊಳೆಯುವುದಕ್ಕೆ ಬಹಳ ವರ್ಷ ಬೇಕಾಯಿತು.

ಇದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಪ್ರೊಫೈಲ್ ಫೋಟೋ ಮತ್ತು ನಮ್ಮನ್ನು ಟ್ಯಾಗ್ ಮಾಡಿದ ಫೋಟೋಗಳಿಂದ ಮುಖವನ್ನು ಸಂಖ್ಯೆಗಳ ಒಂದು ಸಾಲಾಗಿ ಮಾಡಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಟೆಂಪ್ಲೇಟ್ ಅನ್ನುತ್ತಾರೆ. ಸ್ನೇಹಿತರು ಹೊಸ ಫೋಟೋ ಹಾಕಿದಾಗ ಅದರಲ್ಲಿರುವ ಮುಖವನ್ನು ಈ ಸಾಲಿನ ಜೊತೆ ತಾಳೆ ನೋಡಿ ಹೆಸರು ಸೂಚಿಸುತ್ತಿದ್ದರು. ಅಂದರೆ ನಾವು ಜಾಸ್ತಿ ಟ್ಯಾಗ್ ಮಾಡಿದಷ್ಟೂ ಅದು ಚೆನ್ನಾಗಿ ಗುರುತು ಹಿಡಿಯುತ್ತಿತ್ತು. 2014ರಲ್ಲಿ ಕಂಪನಿಯ ಸಂಶೋಧಕರು ಡೀಪ್‌ಫೇಸ್ ಎಂಬ ವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದರು. ಎರಡು ಫೋಟೋದಲ್ಲಿರುವುದು ಒಬ್ಬರೇನಾ ಎಂದು ಹೇಳುವ ಪರೀಕ್ಷೆಯಲ್ಲಿ ಅದಕ್ಕೆ ಶೇ. 97.35 ಬಂದಿತ್ತು. ಹೆಚ್ಚುಕಡಿಮೆ ಮನುಷ್ಯರಷ್ಟೇ. ಅದಕ್ಕೆ ಪಾಠ ಹೇಳಿದ್ದು ಸಾಮಾಜಿಕ ಜಾಲತಾಣದಲ್ಲಿ ಜನ ಹಾಕಿದ ಫೋಟೋಗಳಿಂದ ತೆಗೆದ, ಸುಮಾರು 4,000 ಜನರ 44 ಲಕ್ಷ ಮುಖಗಳು. ಇದನ್ನು ಓದಿದ ದಿನ ನನಗೆ ಆ ಗೃಹಪ್ರವೇಶದ ಆಲ್ಬಮ್ ನೆನಪಾಯಿತು. ನಮ್ಮ ಮನೆಯವರ ಮುಖ ಅದರಲ್ಲಿ ಇತ್ತು ಅಂತ ಅಲ್ಲ. ಆದರೆ ನಾನು ಆವತ್ತು ಮಾಡುತ್ತಿದ್ದುದು ಅಂಥದ್ದೇ ಕೆಲಸ.

ಆಫ್ ಮಾಡುವ ಸೆಟ್ಟಿಂಗ್ ಮೊದಲಿನಿಂದಲೂ ಇತ್ತು, ಅದನ್ನೂ ಹೇಳಬೇಕು. ಆದರೆ ತಾನಾಗೇ ಆನ್ ಆಗಿರುತ್ತಿತ್ತು. ಅಂಥ ಒಂದು ಸೆಟ್ಟಿಂಗ್ ಇದೆ ಅಂತ ಗೊತ್ತಿದ್ದವರು ತಾನೇ ಹೋಗಿ ಆಫ್ ಮಾಡುವುದು? ನಮ್ಮ ಅತ್ತಿಗೆಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಐರ್ಲೆಂಡ್‌ನ ದತ್ತಾಂಶ ರಕ್ಷಣಾ ಆಯುಕ್ತರು ತಕರಾರು ಎತ್ತಿದ ಮೇಲೆ 2012ರಲ್ಲೇ ಯುರೋಪಿನಲ್ಲಿ ಇದನ್ನು ನಿಲ್ಲಿಸಿದರು. ನಮಗೆ ಮಾತ್ರ ಮುಂದುವರಿಯಿತು. 'ನೀವೇ ಒಪ್ಪಿದರೆ ಮಾತ್ರ' ಎಂಬ ಕ್ರಮ ಎಲ್ಲರಿಗೂ ಬಂದಿದ್ದು 2019ರಲ್ಲಿ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2008ರಿಂದಲೇ ಒಂದು ಕಾನೂನಿದೆ. ಮುಖದ ಅಳತೆ ತೆಗೆದುಕೊಳ್ಳುವ ಮೊದಲು ಆ ಮನುಷ್ಯನಿಗೆ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಇದರ ಮೇಲೆ 2015ರಲ್ಲಿ ಜನ ಕೋರ್ಟಿಗೆ ಹೋದರು. ಕೊನೆಗೆ ಕಂಪನಿ 65 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2021ರಲ್ಲಿ ಕೋರ್ಟ್ ಅದಕ್ಕೆ ಒಪ್ಪಿತು. ಟೆಕ್ಸಾಸ್ ರಾಜ್ಯದ ಜೊತೆ 2024ರಲ್ಲಿ ಇನ್ನೊಂದು ರಾಜಿ, ಅದು 140 ಕೋಟಿ ಡಾಲರ್. ನನಗೆ ಈ ದುಡ್ಡಿಗಿಂತ ಆ ಕಾನೂನಿನ ಮಾತೇ ದೊಡ್ಡದಾಗಿ ಕಾಣುತ್ತದೆ. ಯಾರ ಮುಖವೋ ಅವರನ್ನೇ ಕೇಳಿ. ಇಷ್ಟೇ ಅಲ್ವಾ ಬೇಕಾಗಿದ್ದು?

2021ರ ನವೆಂಬರ್‌ನಲ್ಲಿ ಫೇಸ್‌ಬುಕ್ ಈ ವ್ಯವಸ್ಥೆಯನ್ನು ಮುಚ್ಚುತ್ತೇವೆ, 100 ಕೋಟಿಗೂ ಹೆಚ್ಚು ಜನರ ಟೆಂಪ್ಲೇಟ್ ಅಳಿಸುತ್ತೇವೆ ಎಂದು ಹೇಳಿತು. ನನಗೆ ಸಮಾಧಾನವಾಯಿತು. ಆದರೆ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಬೇಜಾರು ಮಾಡಿಕೊಂಡ. ಅವನಿಗೆ ದೃಷ್ಟಿ ಇಲ್ಲ. ಫೋನಿನಲ್ಲಿ ಸ್ಕ್ರೀನ್ ರೀಡರ್ ಬಳಸುತ್ತಾನೆ. 2017ರ ಕೊನೆಯಿಂದ ಫೋಟೋದಲ್ಲಿ ಯಾವ ಸ್ನೇಹಿತರಿದ್ದಾರೆ ಎಂದು ಟ್ಯಾಗ್ ಇಲ್ಲದಿದ್ದರೂ ಅದು ಹೆಸರು ಓದಿ ಹೇಳುತ್ತಿತ್ತು. ಆಮೇಲೆ ಬರೀ ಇಷ್ಟು ಜನ ಇದ್ದಾರೆ ಅನ್ನುವ ಥರ ಹೇಳತೊಡಗಿತು. "ನೀವೆಲ್ಲ ನೋಡ್ತೀರಿ, ನನಗೆ ಅದೊಂದೇ ದಾರಿ ಇತ್ತು" ಅಂದ. ಅವನಿಗೆ ಏನು ಉತ್ತರ ಕೊಡುವುದು ಅಂತ ನನಗೆ ಇವತ್ತಿಗೂ ತೋಚಿಲ್ಲ. ದಿನವೂ ಫೇಸ್‌ಬುಕ್ ಬಳಸುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಆಗ ತಾವಾಗಿಯೇ ಒಪ್ಪಿ ಇದನ್ನು ಬಳಸುತ್ತಿದ್ದರು. ಕೇಳಿದ್ದರೆ ಬೇಕಾದವರು ಒಪ್ಪುತ್ತಿದ್ದರು. ಮೊದಲೇ ಕೇಳಿದ್ದರೆ ಅಣ್ಣನಂಥವರಿಗೆ ಅದು ಉಳಿಯುತ್ತಿತ್ತೇನೋ.

ಈಗಲೂ ಫೇಸ್‌ಬುಕ್ ಬಳಸುತ್ತಿದ್ದೇನೆ. ಟ್ಯಾಗ್ ಇದೆ, ಹೆಸರನ್ನು ನಾವೇ ಹಾಕಬೇಕು. ಸೆಟ್ಟಿಂಗ್ಸ್‌ನಲ್ಲಿ, ನಿಮ್ಮನ್ನು ಟ್ಯಾಗ್ ಮಾಡಿದ ಪೋಸ್ಟ್‌ಗಳನ್ನು ಪ್ರೊಫೈಲಿಗೆ ಬರುವ ಮೊದಲು ರಿವ್ಯೂ ಮಾಡುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ. ಬೇರೆಯವರು ಟ್ಯಾಗ್ ಮಾಡಿದ್ದು ನೀವು ನೋಡಿ ಒಪ್ಪಿದ ಮೇಲೆ ನಿಮ್ಮ ಪ್ರೊಫೈಲಿಗೆ ಬರುತ್ತದೆ. ಟ್ಯಾಗ್ ತೆಗೆದರೆ ಫೋಟೋ ಹೋಗುವುದಿಲ್ಲ, ನೆನಪಿರಲಿ. ಹಾಕಿದವರಿಗೇ ಹೇಳಿ ತೆಗೆಸಬೇಕು. 2024ರಲ್ಲಿ ಕಂಪನಿ ಮುಖ ಗುರುತಿಸುವುದನ್ನು ಮತ್ತೆ ಪರೀಕ್ಷಿಸಲು ಶುರು ಮಾಡಿದೆ. ಪ್ರಸಿದ್ಧರ ಮುಖ ಹಾಕಿ ಮೋಸ ಮಾಡುವ ಜಾಹೀರಾತು ಹಿಡಿಯಲು, ಕಳೆದುಹೋದ ಖಾತೆ ವಾಪಸ್ ಕೊಡಿಸಲು. ಹೋಲಿಸಿದ ತಕ್ಷಣ ಅಳಿಸುತ್ತೇವೆ ಎಂದು ಹೇಳಿದ್ದಾರೆ. ಉದ್ದೇಶ ಒಳ್ಳೆಯದೇ. ನಾನು ಮಾತ್ರ ಪ್ರತಿ ಸಲ ಸೆಟ್ಟಿಂಗ್ ನೋಡುತ್ತಿರುತ್ತೇನೆ.

ಮುಖ ಕೊಡುವುದು ಈಗ ಬರೀ ಜಾಲತಾಣದ ವಿಷಯವೂ ಅಲ್ಲ. ಕಳೆದ ವರ್ಷ ಒಂದು ಆರತಕ್ಷತೆಯಲ್ಲಿ ಬಾಗಿಲ ಹತ್ತಿರ ಕ್ಯೂಆರ್ ಕೋಡ್ ಅಂಟಿಸಿದ್ದರು. ಸೆಲ್ಫಿ ಕೊಟ್ಟರೆ ನಮ್ಮ ಫೋಟೋಗಳು ಮೊಬೈಲಿಗೆ ಬರುತ್ತವೆ. ಸೆಲ್ಫಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಸ್ಟುಡಿಯೋ ಹುಡುಗನನ್ನು ಕೇಳಿದೆ. "ಗೊತ್ತಿಲ್ಲ ಮೇಡಂ, ಆ್ಯಪ್‌ನವರದು" ಅಂದ. ನಾನು ಕೊಡಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಕೋರ್ಟಿನಲ್ಲಿ ಗೆದ್ದ ಹಕ್ಕನ್ನು ಛತ್ರದ ಬಾಗಿಲಲ್ಲಿ ಸುಮ್ನೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಹೋದ ತಿಂಗಳು ಆ 140 ಫೋಟೋ ಮತ್ತೆ ತೆರೆದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಅತ್ತಿಗೆ ಟ್ಯಾಗ್ ತೆಗೆಸಿಕೊಂಡರು. ಭಾವ ಇರಲಿ ಅಂದರು. ಅಕ್ಕನ ಮಗನಿಗೆ ಆಗ ನಾಲ್ಕು ವರ್ಷ, ಈಗ ಡಿಗ್ರಿ ಓದುತ್ತಿದ್ದಾನೆ. ಅವನನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ಎಲ್ಲವನ್ನೂ ನಿಧಾನವಾಗಿ ನೋಡಿದ. "ನಾನು ಅಳ್ತಿರೋದು, ಸ್ನಾನ ಮಾಡ್ತಿರೋದು ತೆಗೆದುಬಿಡು ಚಿಕ್ಕಮ್ಮ. ಅಜ್ಜನ ತೊಡೆ ಮೇಲೆ ಕೂತಿರೋದು ಇರಲಿ" ಅಂದ. ಒಂಬತ್ತು ಫೋಟೋ ಅಳಿಸಿದೆ.